ಉಪ್ಪಿನ ಡಬ್ಬಿಗೆ ಕಿಟಕಿಯ ಚೀಟಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮ? ನೆಗಡಿ ಕಡಿಮೆಯಾಯಿತೆ? ಆ ತೆಳು ಸ್ವೆಟರ್ ಚೀನಾದ ಚಳಿಗೆ ಸಾಲದು ಎಂದು ಹೊರಡುವಾಗಲೇ ಬಡಕೊಂಡೆ, ನೀನು ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ; ನಿನಗೆ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಶಾಲೆಗೂ ಒಯ್ಯುತ್ತಾಳೆ. ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ಫೋನಿನಲ್ಲಿ ಮಾತಾಡಿದರೆ ನಿನ್ನ ಗಂಡ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾನೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಊರವರ ಕಾಗದ ವಿಂಗಡಿಸಿದವಳು ತನ್ನದೂ ಒಂದು ಬರೆಯಬಾರದೆ? ನಿಮ್ಮ ಶಾಲೆಯ ಹೆಡ್‌ಮಿಸ್ ಶನಿವಾರ ನಿಮ್ಮ ಶಿಕ್ಷಕರ ತಂಡವನ್ನು ನೋಡಲು ಅಲ್ಲಿಗೇ ಬರುತ್ತಿದ್ದಾರಲ್ಲ, ಅವರ ಕೈಲೇ ಕಳಿಸುತ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಪ್ರವಾಸಕ್ಕೆ ಮೊದಲು ಅಭ್ಯಾಸಕ್ಕೆಂದು ನೀನು ಮನೆಯ ತುಂಬ ಚೀನೀ ಅಕ್ಷರದ ಚೀಟಿ ಅಂಟಿಸಿದ್ದೆಯಲ್ಲ, ನೀನು ಹೋದ ವಾರವೇ ಸುಣ್ಣ ಬಳಿಯುವವರು ಬಂದರು. ಬಣ್ಣ ಸಿಡಿದು ಹಾಳಾಗದಿರಲಿ ಎಂದು ಮೂವತ್ತೆರಡನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿ, ಯಾವುದು ಎಲ್ಲಿಯದು ಎಂಬ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿದೆ. ನಿನ್ನ ಗಂಡ ಬಂದವನೇ ಸೆಖೆ ಸೆಖೆ ಎನ್ನುತ್ತ ಫ್ಯಾನ್ ಹಾಕಿದ. ಮೂವತ್ತೆರಡೂ ಹಾರಿಹೋದವು. ಇಡೀ ನೌಕರಿಯಲ್ಲಿ ಒಂದು ಕಾಗದವನ್ನೂ ತಪ್ಪು ಗೂಡಿಗೆ ಹಾಕದ ನಾನು, ಯಾರನ್ನೂ ಕೇಳುವ ಮನಸ್ಸಾಗದೆ, ಅಂದಾಜಿನ ಮೇಲೆ ಎಲ್ಲವನ್ನೂ ತಿರುಗಿ ಅಂಟಿಸಿದೆ. ಬಾಗಿಲಿನದೊಂದು ಸರಿಹೋಯಿತು, ಆ ಅಕ್ಷರ ನೋಡಲೂ ಚೌಕಟ್ಟಿನ ಹಾಗೇ ಇದೆ. ಎರಡು ವಾರ ಅದೇ ಚೀಟಿಗಳನ್ನು ನೋಡಿ ನೋಡಿ ಬಾಯಿಪಾಠವನ್ನೂ ಮಾಡಿಕೊಂಡೆ, ಮಹಾ ಪಂಡಿತೆಯ ಹಾಗೆ.

ಗುಟ್ಟು ಒಡೆದದ್ದು ನಿನ್ನ ಹತ್ತಿರ ಚೀನೀ ಕಲಿಯುವ ಎಂಟನೇ ತರಗತಿಯವರು. ನಿನ್ನ ಹಳೆಯ ನೋಟ್‌ಬುಕ್ ಕೇಳಿಕೊಂಡು ಮೂವರು ಬಂದಿದ್ದರು. ಕೂರಿಸಿ ಕುಡಿಯಲು ಕೊಟ್ಟೆ. ಎರಡು ಜಡೆಯ ಹುಡುಗಿ ಲೋಟ ಹಿಡಿದವಳು ಗೋಡೆ ನೋಡಿ ಕೆಮ್ಮತೊಡಗಿದಳು. “ಅಜ್ಜೀ, ಉಪ್ಪಿನ ಡಬ್ಬಿ ಮೇಲೆ ಕಿಟಕಿ ಅಂತ ಇದೆ!” ಫ್ರಿಜ್ ಮೇಲೆ ಹಾಸಿಗೆ, ಕನ್ನಡಿಯ ಮೇಲೆ ಚಪ್ಪಲಿ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು, ಆಮೇಲೆ ನಾನೂ ನಕ್ಕೆ. ನಕ್ಕದ್ದು ಸಾಕು, ಸರಿ ಮಾಡಿಕೊಡಿ ಎಂದೆ. ಮಾರನೆಯ ದಿನ ಆರು ಜನ ಬಂದರು, ಅದರ ಮಾರನೆಯ ದಿನ ಹತ್ತು. ನಿನ್ನ ಬದಲಿಗೆ ಹಾಕಿದ ಡ್ರಿಲ್ ಮೇಷ್ಟ್ರು ಚೀನೀ ತರಗತಿಯಲ್ಲಿ ಕೈಕಟ್ಟಿ ಕೂರಿಸುತ್ತಾರಂತೆ ಅಷ್ಟೇ, ಪಾಪ, ಅವರಿಗೆ ಬಂದರೆ ತಾನೆ! ಈಗ ದಿನಾ ನಾಲ್ಕು ಗಂಟೆಗೆ ನಮ್ಮ ಹಜಾರವೇ ತರಗತಿ. ಒಬ್ಬರು ಸಾಮಾನು ಮುಟ್ಟಬೇಕು, ಉಳಿದವರು ಹೆಸರು ಹೇಳಬೇಕು, ತಪ್ಪಿದವರು ಚಪ್ಪಲಿ ಜೋಡಿಸಬೇಕು. ಹೆಚ್ಚು ಸಲ ಜೋಡಿಸಿದವಳು ನಾನೇ. ದನಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಎಂದು ನಿನ್ನ ಮಗಳು ನನಗೆ ಕೈಯಾಡಿಸಿ ತೋರಿಸುತ್ತಾಳೆ. ಹದಿನೈದು ಮಕ್ಕಳಿಲ್ಲದಿದ್ದರೆ ಬರುವ ವರ್ಷ ತರಗತಿ ಮುಚ್ಚುತ್ತಾರೆಂದು ನೀನು ಊಟ ಬಿಟ್ಟು ಕೂತಿದ್ದೆಯಲ್ಲ, ನೀನು ಹೊರಟಾಗ ಹನ್ನೊಂದು ಇದ್ದರು. ನಿನ್ನೆ ಹೆಡ್‌ಮಿಸ್ ಖುದ್ದು ಬಂದು ಬಾಗಿಲಲ್ಲಿ ನಿಂತು ಎಣಿಸಿದರು, ಹತ್ತೊಂಬತ್ತು! ಆರನೇ ತರಗತಿಯಿಂದಲೇ ಶುರು ಮಾಡೋಣ ಎನ್ನುತ್ತಿದ್ದಾರೆ. ನೀನು ಅಲ್ಲಿಂದ ಕಳಿಸಿದ ಪಾಠದ ಆಟಗಳನ್ನು ಬೇರೆ ಎರಡು ಶಾಲೆಯವರು ಕೇಳಿ ತರಿಸಿಕೊಂಡರಂತೆ. ಪಿಂಚಣಿಯ ಸಾಲಿನಲ್ಲಿ ನಿಂತು ಇದನ್ನೆಲ್ಲ ಮುಂದಿನವರಿಗೂ ಹಿಂದಿನವರಿಗೂ ಹೇಳಿದೆ. ನನ್ನ ಸೊಸೆ ಅಂತ ಹೇಳಿಕೊಳ್ಳುವಾಗ ನನಗೆಷ್ಟು ಹೆಮ್ಮೆ ಗೊತ್ತೆ? ಕೌಂಟರಿನವನು ಮೂರು ಸಲ ಕರೆದದ್ದೂ ಕೇಳಿಸಲಿಲ್ಲ.

ಇನ್ನೊಂದು ವಿಷಯ. ಮಕ್ಕಳು ಚೀಟಿಗಳನ್ನೆಲ್ಲ ಅವುಗಳ ಜಾಗ ಸೇರಿಸಿದ ದಿನ ಒಂದು ಮಿಕ್ಕಿತು. ಚೀಟಿಯಿಲ್ಲದೆ ಉಳಿದದ್ದು ನಾನು ದಿನಾ ಕೂರುವ ಕುರ್ಚಿ. ಅಂದಮೇಲೆ ಇದು ಅದರದೇ ಎಂದು ಅದರ ಬೆನ್ನಿಗೆ ಅಂಟಿಸಿದೆ. ಎರಡು ಜಡೆಯವಳು ಓದಿ, “ಇದು ಕುರ್ಚಿ ಅಲ್ಲ ಅಜ್ಜಿ, ಅತ್ತೆ ಅಂತ ಬರ್ದಿದಾರೆ ಮಿಸ್ಸು” ಅಂದಳು. ಮಕ್ಕಳ ಎದುರು ಏನೂ ಆಗದವಳ ಹಾಗೆ ಒಳಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಮುಖ ತೊಳೆದುಕೊಂಡೆ. ಬೇಕಾದ ಪದಗಳ ಜೊತೆ ನನ್ನನ್ನೂ ಸೇರಿಸಿಕೊಂಡಿದ್ದೀಯಲ್ಲ ಎಂದು ತುಂಬ ಸಂತೋಷವಾಯಿತು ಕಣೇ, ನಾಚಿಕೆಯೂ ಆಯಿತು. ನಾಚಿಕೆ ಯಾಕೆಂದು ನಿನಗೆ ಗೊತ್ತು.

ಹಾಲು ಉಕ್ಕುತ್ತಿದೆ, ನಿಲ್ಲಿಸುತ್ತೇನೆ. ನಿನ್ನ ಜೊತೆಯ ಶಿಕ್ಷಕರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಹಿಡಿದ ಕೆಲಸವೆಲ್ಲ ನಿನಗೆ ಕೈಗೂಡಲಿ, ಮೈ ಗಟ್ಟಿಯಾಗಿರಲಿ.

ಇಂತು,
ನಿನ್ನ ಅತ್ತೆ

ತಾ.ಕ.: ಹೆಡ್‌ಮಿಸ್ ಕಾಗದ ಒಯ್ಯಲು ಬಂದು ಬಾಗಿಲಲ್ಲೇ ಕಾಯುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಗಂಡನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇನ್ನೂ ಮೂರು ತಿಂಗಳು ಅಲ್ಲೇ ಇದ್ದು, ಬೇರೆ ಶಾಲೆಗಳ ಶಿಕ್ಷಕರಿಗೆ ಕಲಿಸುವ ತರಬೇತಿ ಪಡೆಯಲು ನಿಮ್ಮ ತಂಡದಲ್ಲಿ ನಿನ್ನೊಬ್ಬಳನ್ನೇ ಆರಿಸಿದ್ದಾರಂತೆ. ನೀನು ಮನೆಯ ಕಾರಣ ಕೊಟ್ಟು ಬೇಡ ಎನ್ನಲಿದ್ದೀಯಂತೆ. ಮೂರು ವರ್ಷದ ಹಿಂದೆ ಇಂಥದೇ ಪ್ರವಾಸಕ್ಕೆ ಕರೆ ಬಂದಾಗ “ಮನೆ ಯಾರು ನೋಡ್ಕೋತಾರೆ?” ಎಂದು ಕೇಳಿದವಳು ನಾನು. ನೀನು ಮಾರನೆಯ ದಿನವೇ ಆಗುವುದಿಲ್ಲ ಎಂದು ಬರೆದುಕೊಟ್ಟೆ. ಆ ಮಾತನ್ನು ನಾನು ಆಡಬಾರದಿತ್ತು. ಮನೆ ನಾನು ನೋಡ್ಕೋತೀನಿ. ನಿನ್ನ ಮಗಳನ್ನೂ, ಅವಳ ಹಲ್ಲನ್ನೂ ನೋಡ್ಕೋತೀನಿ. ಹೆಡ್‌ಮಿಸ್ ಎದುರೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕು. ಆ ಚೀಟಿಯನ್ನು ಕುರ್ಚಿಯಿಂದ ನಾನು ಕಿತ್ತಿಲ್ಲ, ಆ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅವತ್ತು ಅತ್ತೆಯ ಮಾತು ಕೇಳಿದೆಯಲ್ಲ, ಇವತ್ತೂ ಕೇಳು.