ಬಸ್‌ಸ್ಟ್ಯಾಂಡಿನವರೆಗಿನ ದಾರಿ

ಅಂಧೇರಿ, ಸೋಮವಾರ

ಅಣವೀರನ ತಾಯಿ ರಾಚವ್ವನವರಿಗೆ ಗುರಸಿದ್ದನ ಶರಣು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅಣವೀರನಿಗೆ ಜ್ವರ ತಲೆಗೇರಿದೆ, ಮೈಮೇಲೆ ಎಚ್ಚರವಿಲ್ಲ. ದಿನಾ ಕೆಲಸ ಮುಗಿದೊಡನೆ ಸೈಕಲ್ ಹೊಡೆದುಕೊಂಡು ದಾದರಿನ ಆಸ್ಪತ್ರೆಗೆ ಹೋಗುತ್ತೇನೆ. ಅಣವೀರ ಕಣ್ಣು ಮುಚ್ಚಿಕೊಂಡೇ ನನ್ನ ಅಂಗಿ ಹಿಡಿಯುತ್ತಾನೆ, ಕ್ಯಾರಿಯರ್ ಮೇಲೆ ಕೂತು ಕೆಲಸಕ್ಕೆ ಬರುವಾಗ ಹಿಡಿಯುತ್ತಿದ್ದ ಹಾಗೆ. “ಸಾವಕಾಶ ಹೊಡಿಯೋ, ಬೀಳ್ತೇನಿ,” ಅನ್ನುತ್ತಾನೆ. ನಾನು ಮಂಚದ ಪಕ್ಕ ಕೂತು ದಾರಿ ಹೇಳುತ್ತೇನೆ.

ನಿನ್ನೆ “ಊರಿಗೆ ನಡಿ” ಅಂದ. ಮಾತಿನಲ್ಲೇ ಸೊಲ್ಲಾಪುರ ದಾಟಿಸಿ, ಭೀಮಾ ನದಿಯ ಸೇತುವೆ ಹತ್ತಿಸಿ, ನಿಮ್ಮೂರ ಬಸ್‌ಸ್ಟ್ಯಾಂಡಿಗೆ ಕರೆತಂದೆ. “ಮನಿ ಎಲ್ಲೈತಿ?” ಅಂದ. ನಾನು ನಿಮ್ಮ ಮನೆ ಕಂಡವನಲ್ಲ. ಅವನು ಅಂಗಿ ಬಿಡಲಿಲ್ಲ.

ತಾಯಿಯನ್ನು ಕರೆಸು ಎಂದು ಡಾಕ್ಟರು ಹೇಳಿದ್ದಾರೆ. ಈ ಪತ್ರ ತಂದ ಬಸ್ ಡ್ರೈವರ್ ಸಂಜೆ ಮುಂಬೈಗೆ ಹೊರಡುತ್ತಾರೆ, ಅವರ ಜೊತೆ ಬನ್ನಿರಿ. ಮನೆಯ ದಾರಿ ನೀವೇ ಅವನಿಗೆ ಹೇಳಬೇಕು. ಅಲ್ಲಿಯವರೆಗೆ ನಾನು ಅವನನ್ನು ಕೂರಿಸಿಕೊಂಡು ಆ ಬಸ್‌ಸ್ಟ್ಯಾಂಡಿನಲ್ಲೇ ಸೈಕಲ್ ಹಿಡಿದು ನಿಂತಿರುತ್ತೇನೆ.

ನಿಮ್ಮ ಮಗನ ಗೆಳೆಯ,
ಗುರಸಿದ್ದ