ಎದ್ದವರ ಎಲೆ

ನನಗೆ ಕೆಲಸ ಕಲಿಸಿದ ಸರ್,

ನೀವು ಹೋದ ಸುದ್ದಿ ನಮ್ಮ ಸಾತಪುರದ ಆಫೀಸಿಗೆ ಬಂದಾಗ ನನಗೆ ಅಳು ಬರಲಿಲ್ಲ. ಕಿಟಕಿಯ ಪಕ್ಕದ ನಿಮ್ಮ ಕುರ್ಚಿ ಖಾಲಿಯಾಯಿತಲ್ಲ ಎಂದುಕೊಂಡೆ. ಸತ್ತವರನ್ನು ಬೈಯಬಾರದು ಅನ್ನುತ್ತಾರೆ. ಬದುಕಿದ್ದಾಗ ಬೈಯಲು ನೀವು ಬಿಟ್ಟಿದ್ದಿರಾ?

ಆ ವಿಮೆಯ ಅರ್ಜಿ ನೆನಪಿದೆಯೇ? ತೀರಿಕೊಂಡ ನೌಕರರ ಮನೆಯವರು ವೆಬ್‌ಸೈಟಿನಲ್ಲಿ ತುಂಬಬೇಕಾದ ಆರು ಪುಟ. ಕೊನೆಯ ಪುಟದವರೆಗೆ ತುಂಬಿದ್ದನ್ನೆಲ್ಲ ಸರ್ವರ್ ಸೆಷನ್ನಿನಲ್ಲಿ, ಅಂದರೆ ತನ್ನ ತಾತ್ಕಾಲಿಕ ನೆನಪಿನಲ್ಲಿ, ಹಿಡಿದಿಡಬೇಕು. ನೀವು ಅದಕ್ಕೆ ಹತ್ತು ನಿಮಿಷ ಕೊಟ್ಟಿರಿ. ಅಷ್ಟು ಹೊತ್ತು ಸುಮ್ಮನಿದ್ದರೆ ಎಲ್ಲ ಅಳಿಸಿ ಮತ್ತೆ ಮೊದಲ ಪುಟ. “ಸರ್, ಮಂದಿ ಕಾಗದಾ ಹುಡುಕಾಕ ಏಳ್ತಾರ್ರೀ. ಒಂದೊಂದು ಪುಟಾನೂ ಆಗಿಂದಾಗ ಡೇಟಾಬೇಸಿಗೆ ಹಾಕೂಣ್ರಿ,” ಅಂದೆ. ನೀವು ಇಡೀ ಆಫೀಸಿಗೆ ಕೇಳುವಂತೆ ನಕ್ಕಿರಿ. “ಘೋಟಿಯಲ್ಲಿ ನಮ್ಮಪ್ಪನ ಹೋಟೆಲಲ್ಲಿ ಊಟದ ಮಧ್ಯೆ ಎದ್ದವನ ಎಲೆ ತೆಗೆದುಬಿಡುದು. ಮತ್ತೆ ಬಂದು ಕೂತ್ರೆ ಹೊಸ ಎಲೆ. ಗವಂಡಿ ಮಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?” ಹೌದು, ನನ್ನಪ್ಪ ಗೋಡೆ ಕಟ್ಟುವವನು. ಅವನು ಕಟ್ಟಿದ ಗೋಡೆ ಅವನು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬೀಳುತ್ತಿರಲಿಲ್ಲ.

ಕಳೆದ ತಿಂಗಳು ನಿಮ್ಮ ಹೆಂಡತಿ, ನಾನು ಅಕ್ಕ ಅನ್ನುವವರು, ಫೋನ್ ಮಾಡಿದರು. ನಮ್ಮ ಆಫೀಸೂ ಅದೇ ವಿಮೆಯಲ್ಲಿತ್ತಲ್ಲ, ಅದೇ ಅರ್ಜಿ ತುಂಬುತ್ತಿದ್ದರು, ನಾಲ್ಕು ದಿನದಿಂದ. ನಾನು ಬಸ್ಸು ಹತ್ತಿ ಸಂಭಾಜಿನಗರದ ನಿಮ್ಮ ಮನೆಗೆ ಹೋದೆ. ಸಹಾಯಕ್ಕೆ ಅಂತ ಸುಳ್ಳು ಹೇಳುವುದಿಲ್ಲ. ನೋಡಲು ಹೋದೆ.

ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ನಾಲ್ಕನೆಯ ಪುಟ ನಿಮ್ಮ ಮರಣ ಪ್ರಮಾಣಪತ್ರ ಕೇಳಿತು. ಎದ್ದು ಹೋಗಿ ಕಪಾಟು ತೆಗೆದರು. ನಿಮ್ಮ ಶರ್ಟುಗಳ ಕೆಳಗಿದ್ದ ಫೈಲು ಹಿಡಿದು ಅಲ್ಲೇ ನಿಂತುಬಿಟ್ಟರು. ನಾನು ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿದ್ದರೆ ಸೆಷನ್ ಉಳಿಯುತ್ತಿತ್ತು. ಹತ್ತು ನಿಮಿಷ ಮುಗಿಯುವವರೆಗೆ ಕೈ ಕಟ್ಟಿ ಕೂತೆ. ಅವರು ಬಂದು ಕೂರುವಾಗ ಎದುರಿಗೆ ಮೊದಲ ಪುಟ: ಮೃತರ ಹೆಸರು.

“ಇದನ್ನು ಯಾರು ಮಾಡಿದ್ದು ಮಾರಾಯ್ತಿ?”

“ಸರ್ ಮಾಡ್ಯಾರ್ರೀ,” ಅಂದೆ. ಅಷ್ಟು ದೂರ ಬಂದದ್ದೇ ಅದಕ್ಕೆ.

ಅವರು ಕೀಬೋರ್ಡಿನಿಂದ ಕೈ ಹಿಂದಕ್ಕೆ ಎಳೆದುಕೊಂಡರು. “ಹಾಗಾದ್ರೆ ಸರಿಯೇ ಇರ್ತದೆ. ತಪ್ಪು ನಂದೇ.”

ನೀವು ಆಫೀಸಿನಲ್ಲಿ ಮಾತ್ರ ಹಾಗೆ ಇರುತ್ತೀರಿ ಅಂದುಕೊಂಡಿದ್ದೆ. ಈ ಮಾತು ಅವರಿಗೆ ಕಲಿಸಲು ನಿಮಗೆ ಎಷ್ಟು ವರ್ಷ ಹಿಡಿಯಿತು? ಮತ್ತೆ, ನೋಡುತ್ತ ಕೂತ ನಾನು... ನೀವು ಕಲಿಸಿದವಳೇ ತಾನೇ. ನನಗೆ ನಾಚಿಕೆಯಾಯಿತು ಸರ್.

“ಎಂಟು ದಿನಾ ತಡೀರಿ ಅಕ್ಕಾರ,” ಎಂದು ಹೇಳಿ ಬಂದೆ. ನಿಮ್ಮ ಕೋಡ್ ತೆಗೆದು ಹಾಕಿದೆ. ಈಗ ಪ್ರತಿ ಪುಟವೂ ತುಂಬಿದೊಡನೆ ಉಳಿಯುತ್ತದೆ. ನಿನ್ನೆ ಅಕ್ಕ ಮೂರು ಪುಟ ತುಂಬಿ ಎದ್ದರಂತೆ. ಅನ್ನಕ್ಕಿಟ್ಟು, ಉಂಡು, ಒಂದು ನಿದ್ದೆ ತೆಗೆದು ಬಂದರೂ ಎಲೆ ಹಾಕಿದಲ್ಲೇ ಇತ್ತು. ಆರೂ ಪುಟ ಮುಗಿಸಿ ಫೋನ್ ಮಾಡಿದರು. ಖುಷಿಗೆ ಮಾಡಿರಬೇಕು ಅಂದುಕೊಂಡೆ. ದನಿ ತಗ್ಗಿಸಿ ಕೇಳಿದರು, “ಅವರು ಮಾಡಿದ್ದನ್ನು ನೀನು ಬದಲಿಸಿದ್ಯಲ್ಲ, ಗೊತ್ತಾದ್ರೆ ನಂಗೆ ಬೈಯುದಿಲ್ವಾ?”

ನಾನೇ ಅವರಿಗೆ ತಿಳಿಸುತ್ತೇನೆ ಎಂದು ಮಾತು ಕೊಟ್ಟೆ. ಇದೋ, ತಿಳಿಸಿದ್ದೇನೆ. ಬೈಯುವುದಿದ್ದರೆ ನನಗೆ ಬೈಯಿರಿ.

ಇಂತಿ,
ಗವಂಡಿಯ ಮಗಳು