ಆರು ಪಟ್ಟು ಹತ್ತಿರ

೮ ಆಗಸ್ಟ್ ೧೯೬೬, ಸೋಮವಾರ

ಬೆಳಗ್ಗೆಯಿಂದ ಹನ್ನೊಂದು ಲೆನ್ಸ್ ಉಜ್ಜಿದೆ. ಎರಡು ವೇಸ್ಟ್. ಯಜಮಾನರು ನೋಡಿ ‘ಹ್ಮ್’ ಎಂದರು, ಅಷ್ಟೆ. ಜರ್ಮನರ ಒಂದು ‘ಹ್ಮ್’ನಲ್ಲಿ ನಮ್ಮೂರಿನ ಇಡೀ ಪಂಚಾಯಿತಿ ಅಡಗಿರುತ್ತದೆ.

ಮಧ್ಯಾಹ್ನದ ಟಪಾಲಿನಲ್ಲಿ ವಿಟ್ಟಿಗ್ ಅವರ ಕಾಗದ. ರಿಟೈರಾದ ಫಾರೆಸ್ಟರ್, ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಕೋಣೆ ಕೊಟ್ಟವರು. ಎರಡು ವರ್ಷ ಅವರ ಅಡುಗೆಮನೆಯೇ ನನ್ನ ಜರ್ಮನ್ ಶಾಲೆ. ಹೆಂಡತಿ ತೀರಿಕೊಂಡ ಮೇಲೆ ಆಲ್ಗೊಯ್ ಬೆಟ್ಟದ ಕಡೆ ತಂಗಿ ಲೇನೆಯ ಮನೆ ಸೇರಿದ್ದಾರೆ. ಈ ಸೀಸನ್‌ನಲ್ಲಿ ಒಂದು ಗಾಮ್ಸ್ ಹೊಡೆಯಲೇಬೇಕಂತೆ. ಗಾಮ್ಸ್ ಎಂದರೆ ಬೆಟ್ಟದ ಆಡು — ಬಂಡೆಯ ತುದಿಯಲ್ಲಿ ನಿಂತು ಲೋಕವನ್ನೆಲ್ಲ ತಿರಸ್ಕಾರದಿಂದ ನೋಡುವ ಪ್ರಾಣಿ. ಕಣಿವೆಯ ಈಚೆಯಿಂದ ಆಚೆಗೆ ಇನ್ನೂರೈವತ್ತು ಮೀಟರ್. ಬಂದೂಕಿನ ಹಳೆಯ ಸ್ಕೋಪ್‌ನ, ಅಂದರೆ ಗುರಿ ನೋಡುವ ದುರ್ಬೀನಿನ, ಗಾಜಿಗೆ ಬೂಷ್ಟು, ಹೊಸದು ಬೇಕಂತೆ. ‘ನಾಲ್ಕು ಪಟ್ಟೋ ಆರೋ ಎಂಟೋ, ನೀನೇ ಆರಿಸು. ನಿನ್ನ ಕೈಯಲ್ಲೇ ಆಗಲಿ. ತಂದುಕೊಡುವವನೂ ನೀನೇ ಆಗಿರಬೇಕು.’

ಗುಬ್ಬಿಗೂ ಕಲ್ಲೆಸೆಯದ ಮನೆತನ ನಮ್ಮದು. ನಾನಿಲ್ಲಿ ಬಂದೂಕಿಗೆ ಕಣ್ಣು ಕೂರಿಸಿ ಅನ್ನ ತಿನ್ನುತ್ತಿದ್ದೇನೆ. ಅಮ್ಮನಿಗೆ ‘ಕನ್ನಡಕದ ಫ್ಯಾಕ್ಟರಿ’ ಎಂದು ಬರೆದು ಮೂರು ವರ್ಷವಾಯಿತು.

೧೩ ಆಗಸ್ಟ್, ಶನಿವಾರ

ವಿಟ್ಟಿಗ್ ಅವರೇ ಬಂದುಬಿಟ್ಟರು! ಹೆಂಡತಿಯ ಸಮಾಧಿಗೆ ಹೂವಿಡಲು ಬಂದವರು ಹಾಗೇ ವರ್ಕ್‌ಶಾಪಿಗೆ. ತೆಳ್ಳಗಾಗಿದ್ದಾರೆ. ಕೋಟು ಅವರನ್ನು ತೊಟ್ಟುಕೊಂಡ ಹಾಗಿತ್ತು.

ಕಿಟಕಿಯ ಬಳಿ ಮೂರು ಸ್ಕೋಪ್ ಸ್ಟ್ಯಾಂಡಿಗೆ ಹಾಕಿದೆ. ನೆಕರ್ ನದಿಯಾಚೆ ಚರ್ಚಿನ ಗಡಿಯಾರ — ಹೆಚ್ಚುಕಡಿಮೆ ಅಷ್ಟೇ ದೂರ.

“ಎಂಟೇ ಕೊಡು ಅಶ್ವಾಟ್. ಮುಳ್ಳಿನ ಮೇಲಿನ ತುಕ್ಕೂ ಕಾಣುತ್ತೆ.”

ಅಶ್ವತ್ಥನಾರಾಯಣ ಅವರ ಬಾಯಲ್ಲಿ ಎಂದೂ ಅಶ್ವಾಟ್ ದಾಟಿಲ್ಲ.

“ಸ್ಟ್ಯಾಂಡ್ ಬಿಟ್ಟು ಕೈಯಲ್ಲಿ ಹಿಡಿದು ನೋಡಿ,” ಎಂದೆ. ಹಿಡಿದರು.

“ಗಡಿಯಾರ ಗೋಪುರ ಬಿಟ್ಟು ಕುಣೀತಾ ಇದೆಯಲ್ಲೋ!”

“ಕೈ ನಡುಗಿದರೆ ಆ ನಡುಕವೂ ಎಂಟು ಪಟ್ಟು.”

“ಓಹೋ. ನನ್ನ ವಯಸ್ಸನ್ನೂ ದೊಡ್ಡದು ಮಾಡಿ ತೋರಿಸುತ್ತೆ ನಿನ್ನ ಯಂತ್ರ.”

ನಾಲ್ಕು ಹಿಡಿದರು. ಗಡಿಯಾರ ಅಲುಗದೆ ನಿಂತಿತು, ಆದರೆ ನಿಮಿಷದ ಮುಳ್ಳು ಸ್ಕೋಪ್‌ನೊಳಗಿನ ಗುರಿಗೆರೆಯ ಹಿಂದೆ ಅಡಗಿಹೋಯಿತು. ಪವರ್ ತಿರುಗಿಸಿ ಬದಲಾಯಿಸುವ ಹೊಸ ಸ್ಕೋಪ್ ಬಂದಿದೆ, ಬೇಕೆ ಎಂದೆ. “ತಿರುಗಿಸಿದ ಹಾಗೆಲ್ಲ ಗುರಿ ಜಾರುತ್ತಂತೆ. ಬೇಡ. ಒಂದೇ ಮಾತಿನದು ಕೊಡು,” ಎಂದರು.

ಆರು ಎಂದು ತೀರ್ಮಾನ. ಮೊದಲು ಡಾಕ್ಟರ ಬಳಿ ಕಣ್ಣು ತೋರಿಸಿಕೊಳ್ಳಿ ಎಂದು ಗದರಿದೆ, ಬಲಗಣ್ಣು ಕಷ್ಟಪಡುತ್ತಿತ್ತು. “ಇನ್ನೊಬ್ಬ ಡಾಕ್ಟರೇ? ಇರೋರೇ ಸಾಕಾಗಿದ್ದಾರೆ,” ಎಂದು ನಕ್ಕರು. ಊಟಕ್ಕೆ ಅರ್ಧ ಆಲೂಗಡ್ಡೆ ಮಾತ್ರ. ವಸಂತದಲ್ಲಿ ಹೊಟ್ಟೆಯ ಆಪರೇಷನ್ ಆಯಿತಂತೆ, ಆಮೇಲೆ ಬೇಗ ತುಂಬಿಬಿಡುತ್ತದಂತೆ. “ಈಗ ನನ್ನನ್ನು ಸಾಕೋದು ಅಗ್ಗ,” ಎಂದರು. ನಾನೂ ನಕ್ಕೆ.

ಹೊರಡುವಾಗ ಮತ್ತೆ ಅದೇ ಜಗಳ. “ಇನ್ನೂ ಎಷ್ಟು ವರ್ಷ ನನ್ನನ್ನು ನೀವು ನೀವು ಅಂತೀಯ? ‘ದು’ ಅನ್ನು.” ಅಪ್ಪನ ವಯಸ್ಸಿನವರನ್ನು ಏಕವಚನದಲ್ಲಿ ಕರೆಯುವುದೆ? ಬಾಯಿ ತೆರೆದೆ, ಬರಲಿಲ್ಲ. ಹೆಗಲು ತಟ್ಟಿ ಹೋದರು.

೧೪ ಆಗಸ್ಟ್, ಭಾನುವಾರ

ಆರೇ ಸರಿ. ಎಂಟರಲ್ಲಿ ಪ್ರಾಣಿ ದೊಡ್ಡದು, ಆದರೆ ಅದು ನಿಂತ ಬಂಡೆ ಕಾಣದು, ಹುಡುಕುವಷ್ಟರಲ್ಲಿ ಓಡಿರುತ್ತದೆ. ಮುಂದಿನ ಗಾಜು ನಲವತ್ತೆರಡು ಮಿಲಿಮೀಟರ್, ಆರರಿಂದ ಭಾಗಿಸಿದರೆ ಏಳು — ಮಬ್ಬಿನಲ್ಲಿ ಅರಳಿದ ಕಣ್ಣುಪಾಪೆಯಷ್ಟು ಅಗಲದ ಬೆಳಕು. ಸಂಜೆಗೂ ಸಾಲುತ್ತದೆ.

ಆಬ್‌ಸೇಹೆನ್ ತೆಳ್ಳಗಿರಬೇಕು. ಒಳಗಿನ ಗುರಿಗೆರೆಗೆ ಇಲ್ಲಿ ಹಾಗೆನ್ನುತ್ತಾರೆ. ಸೇಹೆನ್ ಎಂದರೆ ನೋಡುವುದು. ‘ದಯವಿಟ್ಟು’ ಎನ್ನುವುದಕ್ಕಿಂತ ಮೊದಲು ಈ ಪದ ಕಲಿತೆ ನಾನು. ದಿನಕ್ಕೆ ನೂರು ಸಲ ಕೇಳುತ್ತೇನೆ.

೨೪ ಸೆಪ್ಟೆಂಬರ್

ಮುಗಿಯಿತು. ಗಾಳಿ ಸೋರುತ್ತದೆಯೇ ಎಂದು ಬಿಸಿನೀರಿನಲ್ಲಿ ಮುಳುಗಿಸಿ ನೋಡಿದೆ, ಒಂದು ಗುಳ್ಳೆಯೂ ಇಲ್ಲ. ಯಜಮಾನರು ಹತ್ತು ನಿಮಿಷ ನೋಡಿ ‘ಹ್ಮ್’ ಎಂದರು. ಈ ಹ್ಮ್ ಬೇರೆ ಥರದ್ದು. ಮುಂದಿನ ಶನಿವಾರ ಹೊತ್ತುಕೊಂಡು ಹೋಗುತ್ತೇನೆ. ಬರೆದೂ ಆಯಿತು.

೨೯ ಸೆಪ್ಟೆಂಬರ್

ರಜೆ ಇಲ್ಲ. ವಿದೇಶದ ಆರ್ಡರ್, ಡಿಸೆಂಬರ್‌ವರೆಗೆ ಶನಿವಾರವೂ ಕೆಲಸ. ಪಾರ್ಸೆಲ್ ಮಾಡಿದೆ... ಬೇಜಾರು. ತರುವವನೂ ನೀನೇ ಎಂದಿದ್ದರು. ಇರಲಿ, ಬೆಟ್ಟ ಎಲ್ಲಿ ಓಡಿಹೋಗುತ್ತದೆ?

೧೫ ಅಕ್ಟೋಬರ್, ಶನಿವಾರ

ಕಾರ್ಡ್ ಬಂತು! ಮೇಲೆ ಹಿಮಬೆಟ್ಟದ ಚಿತ್ರ. ಹಿಂದೆ ನಾಲ್ಕೇ ಸಾಲು. ಅವರದು ಯಾವಾಗಲೂ ಹಾಗೆ, ಮಾತನ್ನೂ ತೋಟಾದ ಹಾಗೆ ಎಣಿಸಿ ಖರ್ಚು ಮಾಡುವವರು.

‘ಆರು ಚೆನ್ನಾಗಿದೆ. ಡಾಕ್ಟರ ಬಳಿ ಹೋಗಿದ್ದೆ. ಫಾನ್ ಆಲೆಮ್ ವೈಟೆರೆನ್ ಸೇಹೆ ಇಶ್ ಆಬ್. ಬೇಗ ಬಾ.’

ಡಿಕ್ಷನರಿ ಮುಟ್ಟದೆ ಓದಿದೆ. ವೈಟ್ ಎಂದರೆ ದೂರ. ಸೇಹೆ, ಆಬ್ — ನಮ್ಮ ಆಬ್‌ಸೇಹೆನ್! ‘ದೂರದ್ದೆಲ್ಲ ಗುರಿಗೆರೆಯಲ್ಲಿ ಕಾಣುತ್ತಿದೆ.’ ನನ್ನ ಮಾತು ಕೇಳಿ ಕಣ್ಣಿನ ಡಾಕ್ಟರ ಬಳಿಯೂ ಹೋಗಿಬಂದಿದ್ದಾರೆ. ಎಷ್ಟು ಹಗುರವಾಯಿತು ಮನಸ್ಸು.

ಅಲ್ಲೇ ನಿಂತು ಉತ್ತರ ಬರೆದೆ. ‘ತುಂಬ ಸಂತೋಷವಾಯಿತು! ನಾನು ಬಯಸಿದ್ದೂ ಅದೇ. ಕ್ರಿಸ್‌ಮಸ್‌ಗೆ ಖಂಡಿತ ಬರುತ್ತೇನೆ.’ ಒಂದೂ ತಪ್ಪಿಲ್ಲದ ಜರ್ಮನ್. ಕಾರ್ಡನ್ನು ಮನೆಯ ಗೋಡೆಗೆ ಹಚ್ಚಿದೆ, ಬೆಟ್ಟ ಕಾಣುವಂತೆ. ಯಜಮಾನರಿಗೆ ತೋರಿಸಲಿಲ್ಲ. ರಜೆ ಕೊಡದವರಿಗೇಕೆ ಈ ಸಂತೋಷ?

೧೨ ನವೆಂಬರ್, ದೀಪಾವಳಿ

ಹೈಡೆಲ್‌ಬರ್ಗಿನಿಂದ ವೈದೇಹಿಯಕ್ಕ ಬಂದಿದ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರು, ಧಾರವಾಡದವರು, ಏಳು ವರ್ಷದಿಂದ ಇಲ್ಲಿದ್ದಾರೆ. ಡಬ್ಬಿಯಲ್ಲಿ ಶಿರಾ. ನಾನು ಹುಳಿ ಮಾಡಿದ್ದೆ — ಹುಣಸೆಯಿಲ್ಲ, ನಿಂಬೆಹಣ್ಣು ಹಿಂಡಿದ್ದು.

“ಇದಕ್ಕ ಹುಳಿ ಅಂತೀಯೇನೋ? ಔಷಧ ಆಗೇದಲ್ಲೋ!” ಎನ್ನುತ್ತಲೇ ಎರಡು ಸಲ ಬಡಿಸಿಕೊಂಡರು. ತಟ್ಟೆ ಹಿಡಿದು ಗೋಡೆಯತ್ತ ಹೋದರು. “ಛಲೋ ಅದ ಗುಡ್ಡ. ಯಾರು ಕಳಿಸ್ಯಾರ?” ಕಿತ್ತು ಹಿಂದೆ ತಿರುಗಿಸಿದರು.

ನಾನು ಹೆಮ್ಮೆಯಿಂದ ಅರ್ಥ ಹೇಳಿದೆ. ಅವರು ನಗಲಿಲ್ಲ.

“ಇವರಿಗೆ ಏನಾಗೇದ?”

“ಏನಿಲ್ಲಕ್ಕ. ವಸಂತದಲ್ಲಿ ಹೊಟ್ಟೆ ಆಪರೇಷನ್ ಆಗಿತ್ತಂತೆ. ಈಗ ಕಣ್ಣಿಗೆ—”

ತಟ್ಟೆ ಕೆಳಗಿಟ್ಟರು. “ಅಶ್ವತ್ಥಾ, ಇದು ಕಣ್ಣಿನ ಮಾತಲ್ಲೋ. ‘ಫಾನ್’ ಸೇರಿಸಿ ‘ಸೇಹೆ ಆಬ್’ ಅಂದರ... ಬಿಡೋದು. ಕೈಬಿಡೋದು. ‘ಇನ್ನ ಮುಂದಿಂದೆಲ್ಲಾ ನನಗ ಬ್ಯಾಡ’ ಅಂತ ಬರದಾರ. ಎರಡನೇ ಆಪರೇಷನ್ ಬ್ಯಾಡ ಅಂದಿರಬೇಕಪಾ. ನಮ್ಮ ವಾರ್ಡಿನಾಗ ದಿನಾ ಕೇಳ್ತೀನಿ ಈ ಮಾತ.” ಕಾರ್ಡನ್ನು ನನ್ನ ಕೈಗಿಟ್ಟು, “ನೀ ಏನಂತ ಬರದಿ?”

ಹೇಳಿದೆ.

“ಅಯ್ಯ ಶಿವನ,” ಎಂದರು. ಅಷ್ಟೇ.

ಅಜ್ಜಿಯ ಕಥೆಗಳಲ್ಲಿ ಒಬ್ಬ ಪೆದ್ದ ಅಳಿಯ ಬರುತ್ತಿದ್ದ. ಮಾತು ತಪ್ಪಾಗಿ ಕೇಳಿಸಿಕೊಂಡು ಸಾವಿನ ಮನೆಗೆ ಹೋಗಿ ‘ಹೀಗೇ ವರ್ಷ ವರ್ಷ ನಡೆಯಲಿ’ ಎಂದು ಹರಸಿ ಬರುತ್ತಿದ್ದ. ಜಗಲಿಯ ತುಂಬ ನಗು. ಆ ಮನೆಯವರಿಗೆ ಆಮೇಲೆ ಏನಾಯಿತು ಎಂದು ಅಜ್ಜಿಯನ್ನು ನಾವು ಯಾರೂ ಕೇಳಲಿಲ್ಲ.

ನಾಳೆ ಮೊದಲ ರೈಲು. ರಜೆ ಕೇಳುವುದಿಲ್ಲ.

೧೪ ನವೆಂಬರ್, ಸೋಮವಾರ, ವಾಪಸ್ ರೈಲಿನಲ್ಲಿ

ಎರಡನೇ ತಾರೀಖಿಗೇ ಹೋಗಿಬಿಟ್ಟಿದ್ದಾರೆ.

ಲೇನೆ ಬಾಗಿಲು ತೆರೆದು ಗುರುತು ಹಿಡಿದರು. ಒಳಗೆ ಕರೆದು ಕಾಫಿ ಇಟ್ಟರು. ಕೂರು ಎನ್ನಲಿಲ್ಲ. ನಾನೇ ಕೂತೆ.

“ನಿನಗೆ ಬರೆಯಬೇಕು ಅಂತ ಪೆನ್ನು ತೆಗೆದೆ,” ಎಂದರು. “ನಿನ್ನ ಕಾರ್ಡ್ ನೆನಪಾಯಿತು. ಮುಚ್ಚಿಟ್ಟೆ.”

“ಅವರು ಅದನ್ನು—”

“ನಾನೇ ಓದಿ ಹೇಳಿದೆ. ಅವನು ಆಗಲೇ ಹಾಸಿಗೆಯಲ್ಲಿದ್ದ. ಇನ್ನೊಂದು ಸಲ ಓದು ಅಂದ. ಓದಿದೆ. ‘ಸರಿ, ಅವನು ಹೇಳೋದೂ ಸರಿಯೇ’ ಅಂದ.”

ಆಗ ಹೇಳಿದೆ. ಆಬ್‌ಸೇಹೆನ್, ವೈಟ್, ದೂರ, ಕಣ್ಣಿನ ಡಾಕ್ಟರು... ಎಲ್ಲ. ವ್ಯಾಕರಣವೆಲ್ಲ ಚೆಲ್ಲಾಪಿಲ್ಲಿ. ಲೇನೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಕ್ಕರು. ನಿಜವಾಗಿಯೂ ನಕ್ಕರು, ಭುಜ ಅಲುಗುವಂತೆ. “ದೇವರೇ! ಅವನು ಇದನ್ನು ಕೇಳಿದ್ದರೆ ಮಂಚದಿಂದ ಉರುಳಿ ನಗ್ತಿದ್ದ...” ಎಂದು ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡರು. ಆ ಏಪ್ರನ್ ಬಹಳ ಹೊತ್ತು ಕೆಳಗಿಳಿಯಲಿಲ್ಲ.

ಗಾಮ್ಸ್ ಸಿಕ್ಕಿತೆ ಎಂದು ಕೇಳಿದೆ. ಬೆಟ್ಟ ಹತ್ತಲಾಗಲಿಲ್ಲವಂತೆ. ಮನೆಯ ಹಿಂದಿನ ಬೆಂಚಿನಲ್ಲಿ ಕೂತು ಮರಳಿನ ಚೀಲದ ಮೇಲೆ ಬಂದೂಕಿಟ್ಟು ನೋಡುತ್ತಿದ್ದರಂತೆ. ಮೂರು ಸಲ ಬಂದಿದೆ. ಮೂರು ಸಲವೂ “ಇವತ್ತು ಬೇಡ” ಎಂದರಂತೆ. ಕೊನೆಯ ವಾರ ಲೇನೆಯನ್ನೂ ಕೂರಿಸಿ ತೋರಿಸಿದರಂತೆ. “ನೋಡು, ಅಲುಗಾಡೋದೇ ಇಲ್ಲ. ನಮ್ಮ ಹುಡುಗ ಮಾಡಿದ್ದು.”

ಸಮಾಧಿಯ ಮಣ್ಣು ಇನ್ನೂ ಇಳಿದಿಲ್ಲ. ಅಲ್ಲಿ ನಿಂತು ‘ದು’ ಎಂದೆ. ಮೂರು ವರ್ಷ ಬಾರದ ಪದ, ಸುಲಭವಾಗಿ ಬಂತು. ಕೇಳಿಸಿಕೊಳ್ಳುವವರಿಲ್ಲದಿದ್ದರೆ ಯಾವ ಭಾಷೆಯೂ ಸುಲಭ.

೧೯ ನವೆಂಬರ್

ಯಜಮಾನರು ಬೈಯಲಿಲ್ಲ. ಎಲ್ಲ ಕೇಳಿ ಒಂದು ಕುರ್ಚಿ ಎಳೆದು ನನ್ನ ಪಕ್ಕ ಕೂತರು. ‘ಹ್ಮ್’ ಕೂಡ ಇಲ್ಲ.

೬ ಡಿಸೆಂಬರ್, ಮಂಗಳವಾರ

ಲೇನೆ ಬಂದೂಕು ಮಾರಿದ್ದಾರೆ. ಸ್ಕೋಪ್ ಮಾತ್ರ ಬಿಚ್ಚಿಸಿ ಪಾರ್ಸೆಲ್‌ನಲ್ಲಿ ಕಳಿಸಿದ್ದಾರೆ, ಬೇಕಾದವರಿಗೆ ಕೊಡು ಎಂದು ಚೀಟಿ. ಯಾರೋ ಒಬ್ಬರು ಆರು ಪಟ್ಟಿನದೇ ಕೇಳಿದ್ದಾರಂತೆ. ಸಂಜೆಯೊಳಗೆ ನೋಡಿ ಸರಿಮಾಡಿ ಕೊಡು ಎಂದರು ಯಜಮಾನರು.

ಸ್ಟ್ಯಾಂಡಿಗೆ ಹಾಕಿದೆ. ನದಿಯಾಚೆ ಬರೀ ಮಸುಕು. ಗಾಜು ಒರೆಸಿದೆ. ಮತ್ತೂ ಮಸುಕು. ಆಮೇಲೆ ಹೊಳೆಯಿತು — ಕಣ್ಣಿಡುವ ಕಡೆಯ ಬಳೆ. ಅದನ್ನು ಅವರವರ ದೃಷ್ಟಿಗೆ ತಿರುಗಿಸಿ ನಿಲ್ಲಿಸಿಕೊಳ್ಳುತ್ತಾರೆ. ಅವರು ನಿಲ್ಲಿಸಿದಲ್ಲೇ ಇದೆ. ಆ ಕಣ್ಣಿಗೆ ಮಾತ್ರ ಎಲ್ಲ ಸ್ಪಷ್ಟವಿತ್ತು.

ಹೊಸಬರಿಗೆ ಕೊಡುವ ಮೊದಲು ಸೊನ್ನೆಗೆ ತರಬೇಕು. ಅರ್ಧ ಸುತ್ತು, ಒಂದು ನಿಮಿಷದ ಕೆಲಸ. ಬಳೆಯ ಮೇಲೆ ಬೆರಳಿಟ್ಟೆ. ಯಜಮಾನರು ಆಚೆಯಿಂದ “ಆಯಿತಾ?” ಎಂದರು. ಆಯಿತು ಎಂದೆ. ಇನ್ನೂ ತಿರುಗಿಸಿಲ್ಲ.